ಹಳೆಯ ಹಾಯಿದೋಣಿಯ ಸೇಲ್‌ಡ್ರೈವ್: ಕೊಳ್ಳುವ ಮೊದಲು ಮತ್ತು ಕೊಂಡ ಮೇಲೆ

ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ನೀವು ನೋಡಿಟ್ಟಿರುವ ಹಾಯಿದೋಣಿಯಲ್ಲಿ ವೋಲ್ವೋ ಪೆಂಟಾ 120ಎಸ್ ಸೇಲ್‌ಡ್ರೈವ್ (ಎಂಜಿನ್ನಿನ ಶಕ್ತಿಯನ್ನು ದೋಣಿಯ ತಳದಡಿಯ ಪ್ರೊಪೆಲ್ಲರಿಗೆ ಮುಟ್ಟಿಸುವ ಗೇರ್ ಘಟಕ) ಇದೆ, ಅದರ ರಬ್ಬರ್ ಡಯಾಫ್ರಮ್ ಯಾವಾಗ ಬದಲಾಯಿಸಿದ್ದೆಂದು ಮಾರುವವರಿಗೇ ಗೊತ್ತಿಲ್ಲ, ಹಾಗಿರುವಾಗ ಕೊಳ್ಳಬಹುದೇ ಎಂದು ಕೇಳಿದ್ದೀರಿ. ಅದೇ ಕರಾವಳಿಯಲ್ಲಿ ಅದೇ ಡ್ರೈವ್ ಇರುವ ದೋಣಿಯನ್ನು ನೋಡಿಕೊಳ್ಳುತ್ತಿರುವವನಾಗಿ ನನ್ನ ಉತ್ತರ: ಕೊಳ್ಳಬಹುದು, ಆದರೆ ಡಯಾಫ್ರಮ್ ಬದಲಿಸುವ ಖರ್ಚನ್ನು ದೋಣಿಯ ಬೆಲೆಯಲ್ಲಿ ಕಳೆದು ಮಾತಾಡಿ.

ಸೇಲ್‌ಡ್ರೈವಿನ ಅಲ್ಯೂಮಿನಿಯಂ ಕಾಲು ದೋಣಿಯ ತಳದಲ್ಲಿರುವ ದೊಡ್ಡ ರಂಧ್ರದ ಮೂಲಕ ನೀರಿಗಿಳಿದಿರುತ್ತದೆ. ಆ ರಂಧ್ರದಿಂದ ಸಮುದ್ರ ಒಳಗೆ ಬಾರದಂತೆ ತಡೆಯುವುದು ಈ ದಪ್ಪ ರಬ್ಬರ್ ಒಂದೇ. ಏಳು ವರ್ಷಕ್ಕೊಮ್ಮೆ ಬದಲಿಸಿ ಎಂಬುದು ವೋಲ್ವೋ ಪೆಂಟಾದ ಬಹುಕಾಲದ ಸಲಹೆ. ಹೊರಗಡೆ ತಳಕ್ಕೆ ಅಂಟಿಸಿರುವ ತೆಳು ರಬ್ಬರ್ ಪಟ್ಟಿ ಕಿತ್ತುಬಂದಿರುವುದನ್ನು ಕಂಡು ಗಾಬರಿಯಾಗಬೇಡಿ. ಅದು ನೀರಿನ ಹರಿವು ನಯವಾಗಿರಲೆಂದು ಹಾಕಿದ್ದೇ ಹೊರತು ಸೋರಿಕೆ ತಡೆಯಲು ಅಲ್ಲ. ಡಯಾಫ್ರಮ್ ಬದಲಿಸಲು ಎಂಜಿನ್ನಿನ ಬೋಲ್ಟ್ ಬಿಚ್ಚಿ, ಅದನ್ನು ಸರಿಸಿ, ಡ್ರೈವನ್ನು ಮೇಲೆತ್ತಬೇಕಾಗುವುದರಿಂದ ಬಿಡಿಭಾಗಕ್ಕಿಂತ ಕೂಲಿಯೇ ಭಾರ. ಹೇಗೂ ಎತ್ತಿದ ಮೇಲೆ ಪ್ರೊಪೆಲ್ಲರ್ ಶಾಫ್ಟಿನ ಸೀಲುಗಳನ್ನೂ ಆ ಮೂಲೆಯ ಹಳೆಯ ಹೋಸುಗಳನ್ನೂ ಜೊತೆಗೇ ಬದಲಿಸಿಬಿಡಿ.

ಎಲ್ಲರೂ ಹೆದರುವುದು ರಬ್ಬರಿಗೆ. ನನ್ನ ಅಭಿಪ್ರಾಯದಲ್ಲಿ ಪ್ರತಿವರ್ಷ ಹೆಚ್ಚು ಗಮನ ಬೇಡುವುದು ಆ ಕಾಲಿನ ಲೋಹ. ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಪಕ್ಕದಲ್ಲಿ ಕಂಚಿನ ಪ್ರೊಪೆಲ್ಲರ್ ಇದ್ದರೆ ಸವೆಯುವುದು ಅಲ್ಯೂಮಿನಿಯಮ್ಮೇ. ಅದರ ಬದಲು ತಾನು ಸವೆಯಲೆಂದೇ ಪ್ರೊಪೆಲ್ಲರ್ ಮತ್ತು ಕಾಲಿನ ನಡುವೆ ಉಂಗುರದಂಥ ಆನೋಡ್ ಕೂರಿಸಿರುತ್ತಾರೆ. ಅದು ಅರ್ಧ ಸವೆದ ಕೂಡಲೇ ಬದಲಿಸಬೇಕು, ಅದರ ಮೇಲೆ ಎಂದೂ ಬಣ್ಣ ಬಳಿಯಬಾರದು. ಉಪ್ಪುನೀರಿಗೆ ಸತುವಿನದು, ಗೋಥೆನ್‌ಬರ್ಗ್‌ನಲ್ಲಿ ಸಮುದ್ರ ಸೇರುವ ಯೋಟಾ ನದಿಯ ಬಾಯಿಯಲ್ಲಿರುವಂಥ, ಉಪ್ಪು-ಸಿಹಿ ಬೆರೆತ ಸೌಳುನೀರಿಗೆ ಅಲ್ಯೂಮಿನಿಯಮ್ಮಿನದು, ಸಿಹಿನೀರಿಗೆ ಮೆಗ್ನೀಸಿಯಮ್ಮಿನದು ಸೂಕ್ತ. ಚಿಪ್ಪು, ಪಾಚಿ ಅಂಟದಂತೆ ತಳಕ್ಕೆ ಬಳಿಯುವ ತಾಮ್ರದ ಆಂಟಿಫೌಲಿಂಗ್ ಬಣ್ಣ ಡಬ್ಬಿಯಲ್ಲಿ ಉಳಿದಿದೆಯೆಂದು ಕಾಲಿಗೂ ಬಳಿಯುವವರಿದ್ದಾರೆ. ಕೆಲವೇ ಕಾಲದಲ್ಲಿ ಬಣ್ಣದಡಿ ಬಿಳಿ ಪುಡಿ ಉಬ್ಬಿ, ಕೆರೆದರೆ ಕೆಳಗೆ ಗುಳಿಗಳು ಕಾಣುತ್ತವೆ. ಕಾಲನ್ನು ಉಕ್ಕಿನ ತಂತಿ ಬ್ರಷ್ಷಿನಿಂದ ಉಜ್ಜದೆ ಪ್ಲಾಸ್ಟಿಕ್ ನಾರಿನಿಂದ ಉಜ್ಜಿ, ಎಪಾಕ್ಸಿ ಪ್ರೈಮರ್ ಕೊಟ್ಟು, ತಾಮ್ರವಿಲ್ಲದ ಬಣ್ಣವನ್ನೇ ಬಳಸಿ. ದಡದ ವಿದ್ಯುತ್ತನ್ನು ಸದಾ ಜೋಡಿಸಿಟ್ಟಿರುತ್ತೀರಾದರೆ ಭೂತಂತಿಯ ಮೂಲಕ ದೋಣಿಗಳ ನಡುವೆ ಹರಿದು ಲೋಹ ಸವೆಸುವ ಸಣ್ಣ ವಿದ್ಯುತ್ತನ್ನು ತಡೆಯುವ ಗ್ಯಾಲ್ವಾನಿಕ್ ಐಸೋಲೇಟರ್ ಇರಲೇಬೇಕು, ಇಲ್ಲದಿದ್ದರೆ ನಿಮ್ಮ ಆನೋಡ್ ಪಕ್ಕದ ದೋಣಿಗಳಿಗೂ ದುಡಿಯುತ್ತದೆ.

ಡ್ರೈವಿನೊಳಗಿನ ಗೇರ್ ಎಣ್ಣೆಯನ್ನು ವಸಂತಕ್ಕೆ ಬಿಡದೆ, ದೋಣಿ ದಡಕ್ಕೆ ಬಂದ ಶರತ್ಕಾಲದಲ್ಲೇ ಬದಲಿಸಿ. ನೀರು ಸೇರಿದ್ದರೆ ಅದು ಚಳಿಗಾಲವಿಡೀ ಗೇರುಗಳ ಮೇಲೆ ಕೂರಬಾರದು. ಎಣ್ಣೆ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಶಾಫ್ಟಿನ ಸೀಲು ಹೋಗಿದೆ ಎಂದೇ ಮೊದಲು ಅನುಮಾನಿಸಿ. ಹಲವು ಸಲ ಅಪರಾಧಿ ಮೀನುಗಾಳದ ನೈಲಾನ್ ದಾರ: ಪ್ರೊಪೆಲ್ಲರ್ ಬಿಚ್ಚಿದರೆ ಅದರ ಹಿಂದೆ ಶಾಫ್ಟಿಗೆ ಬಿಗಿಯಾಗಿ ಸುತ್ತಿಕೊಂಡು, ಸೀಲಿನ ಅಂಚನ್ನು ಕೊಯ್ದಿರುವುದು ಕಾಣುತ್ತದೆ. ಯಾವ ಎಣ್ಣೆ ಎಂಬುದನ್ನು ಕೈಪಿಡಿ ಹೇಳಿದಂತೆಯೇ ಹಾಕಿ, ಡ್ರೇನ್ ತಿರುಪಿನ ಓ-ರಿಂಗನ್ನು ಪ್ರತಿಸಲ ಹೊಸದಾಗಿಸಿ. ತಂಪುನೀರು ಕಾಲಿನ ಮೂಲಕವೇ ಎಂಜಿನ್ನಿಗೆ ಹೋಗುವುದರಿಂದ ಕಾಲಿನಲ್ಲಿ ನೀರೊಳಗೆಳೆಯುವ ರಂಧ್ರಗಳೊಳಗೆ ಬೆಳೆದ ಚಿಪ್ಪುಗಳನ್ನು ಕೆರೆದು ತೆಗೆಯಿರಿ, ಹಿಮ ಬೀಳುವ ಮೊದಲು ಒಳಗಿನ ನೀರು ಹೆಪ್ಪುಗಟ್ಟದಂತೆ ಗ್ಲೈಕಾಲ್ ಹಾಯಿಸಿ.

ದೋಣಿ ಈಗ ದಡದಲ್ಲಿದ್ದರೆ ಒಂದು ಪರೀಕ್ಷೆಗೆ ಮಾರುವವರ ಒಪ್ಪಿಗೆ ಕೇಳಿ. ಎಂಜಿನ್ ಕೆಲವು ದಿನ ಓಡದೆ ನಿಂತಿದ್ದ ಮೇಲೆ ಕೆಳಗಿನ ಡ್ರೇನ್ ತಿರುಪನ್ನು ತುಸುವೇ ಸಡಿಲಿಸಿದರೆ, ಒಳಗೆ ಬೇರ್ಪಟ್ಟು ತಳಕ್ಕಿಳಿದ ನೀರಿದ್ದರೆ ಎಣ್ಣೆಗಿಂತ ಮೊದಲು ಅದೇ ತೊಟ್ಟಿಕ್ಕುತ್ತದೆ. ಇದಕ್ಕೆ ಒಪ್ಪದವರ ದೋಣಿಯನ್ನು ನಾನಾದರೆ ಕೊಳ್ಳುವುದಿಲ್ಲ.