ನಾಯಕತ್ವ ಸಮ್ಮೇಳನಕ್ಕೆ ಹೋಗಿ ಬಂದೆವು, ಕಲಿತದ್ದನ್ನು ನಮ್ಮ ಸಣ್ಣ ಸಭೆಗೆ ತರುವುದು ಹೇಗೆ?

ನಿಮ್ಮದು ನೂರರ ಆಸುಪಾಸಿನ ಕುಟುಂಬಗಳ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಅಂದರೆ ಚರ್ಚು. ಕಮಿಟಿಯ ನಾಲ್ವರು ಗ್ಲೋಬಲ್ ಲೀಡರ್‌ಶಿಪ್ ಸಮಿಟ್‌ನ ಎರಡು ದಿನ ಕೂತು ಕೇಳಿ ಬಂದಿದ್ದೀರಿ. ನೋಟ್‌ಬುಕ್ ತುಂಬಿದೆ, ಎಲ್ಲಿಂದ ಶುರು ಮಾಡುವುದು ಎಂದು ಕೇಳಿದ್ದೀರಿ. ಮೊದಲ ಮಾತು: ಬರುವ ಭಾನುವಾರ ಆರಾಧನೆಯಲ್ಲಿ ಏನನ್ನೂ ಘೋಷಿಸಬೇಡಿ. ಎರಡನೆಯದು: ದರ್ಶನ, ಗುರಿ, ಬೆಳವಣಿಗೆ ಎಂಬ ಭಾಷಣಗಳನ್ನು ಪಕ್ಕಕ್ಕಿಟ್ಟು, ಲೆಕ್ಕ ಒಪ್ಪಿಸುವ ವಿಷಯದಿಂದ ಶುರು ಮಾಡಿ.

ಯಾಕೆಂದರೆ ಆ ಸಮ್ಮೇಳನದ ಅತಿ ದೊಡ್ಡ ಪಾಠ ಅದರ ಇತಿಹಾಸದಲ್ಲೇ ಇದೆ. ಅಮೆರಿಕದ ಇಲಿನಾಯ್ ರಾಜ್ಯದ ವಿಲ್ಲೋ ಕ್ರೀಕ್ ಸಭೆ 1995ರಲ್ಲಿ ಇದನ್ನು ಆರಂಭಿಸಿತು. ಅದರ ಮುಖವಾಗಿದ್ದವರು ಆ ಸಭೆಯ ಸ್ಥಾಪಕ ಪಾಸ್ಟರ್ ಬಿಲ್ ಹೈಬಲ್ಸ್. 2018ರಲ್ಲಿ ಹಲವು ಮಹಿಳೆಯರು ಅವರ ಮೇಲೆ ಅನುಚಿತ ವರ್ತನೆಯ ಆರೋಪ ಮಾಡಿದರು. ಅವರು ಅಲ್ಲಗಳೆದರು, ಆದರೂ ಏಪ್ರಿಲ್‌ನಲ್ಲಿ ಹುದ್ದೆ ಬಿಟ್ಟರು. ಮೊದಲು ಅವರ ಪರ ನಿಂತಿದ್ದ ಹಿರಿಯರ ಮಂಡಳಿ ಆಗಸ್ಟ್‌ನಲ್ಲಿ ಕ್ಷಮೆ ಕೇಳಿ, ಇಡೀ ಮಂಡಳಿಯೇ ರಾಜೀನಾಮೆ ಕೊಡುವುದಾಗಿ ಪ್ರಕಟಿಸಿತು. 2019ರಲ್ಲಿ ಹೊರಗಿನವರ ಸಲಹಾ ಸಮಿತಿ ಆರೋಪಗಳು ನಂಬಲರ್ಹ ಎಂದು ವರದಿ ಕೊಟ್ಟಿತು. ಗಮನಿಸಿ, ಅಲ್ಲಿ ಹಿರಿಯರ ಮಂಡಳಿ ಇರಲಿಲ್ಲ ಅಂತಲ್ಲ. ಇತ್ತು. ನಾಯಕ ದೊಡ್ಡವನಾದಷ್ಟೂ ಅವನನ್ನು ಪ್ರಶ್ನಿಸುವ ಹಿರಿಯರ ಧ್ವನಿ ಸಣ್ಣದಾಗುತ್ತದೆ. ನಮ್ಮ ಸಭೆಗಳಲ್ಲಿ ಇದಕ್ಕೆ ದೊಡ್ಡ ವೇದಿಕೆಯೇನೂ ಬೇಕಿಲ್ಲ, ಇಪ್ಪತ್ತು ವರ್ಷದಿಂದ ಖಜಾಂಚಿಯಾಗಿರುವ ಒಬ್ಬ ಗೌರವಸ್ಥರು ಸಾಕು.

ಕಾಣಿಕೆಯ ವಿಷಯ ತೆಗೆದುಕೊಳ್ಳಿ. ಆರಾಧನೆ ಮುಗಿದ ಕೂಡಲೇ, ಚೀಲ ದೇವಾಲಯದಿಂದ ಹೊರಗೆ ಹೋಗುವ ಮೊದಲೇ ಎಣಿಕೆಯಾಗಬೇಕು. ಒಂದೇ ಮನೆಯವರಲ್ಲದ ಕನಿಷ್ಠ ಇಬ್ಬರು ಎಣಿಸಲಿ, ಖಜಾಂಚಿ ಮೂರನೆಯವರಾಗಿರಲಿ. ನೋಟು, ಚಿಲ್ಲರೆ, ಚೆಕ್ಕು ಬೇರೆ ಬೇರೆ ಬರೆದು ಮೂವರೂ ಸಹಿ ಹಾಕಲಿ. ಸೋಮವಾರ ಅಷ್ಟೇ ಮೊತ್ತ ಬ್ಯಾಂಕಿಗೆ ಕಟ್ಟಬೇಕು. ತುರ್ತು ಖರ್ಚಿಗೆ ಅದರಲ್ಲೇ ತೆಗೆದು ಉಳಿದದ್ದನ್ನು ಕಟ್ಟುವ ಅಭ್ಯಾಸದಿಂದಲೇ ಲೆಕ್ಕ ತಪ್ಪುವುದು. ಖರ್ಚಿದ್ದರೆ ವೋಚರ್ ಬರೆದು ಬೇರೆಯಾಗಿ ಕೊಡಿ. ಗೋಡೆಗೆ ಅಂಟಿಸಿದ ಯುಪಿಐ ಕ್ಯೂಆರ್ ಯಾರ ಖಾತೆಗೆ ಹೋಗುತ್ತದೆ ಎಂದು ಒಂದು ರೂಪಾಯಿ ಕಳಿಸಿ ನೋಡಿ. ಸಭೆಯ ಹೆಸರು ಬರದಿದ್ದರೆ ಇವತ್ತೇ ತೆಗೆಸಿ. ಇದು ಅನುಮಾನದ ಮಾತಲ್ಲ. ಬೈಬಲಿನ 2 ಕೊರಿಂಥ 8ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲನೇ, ಧರ್ಮದ ಹಣ ಒಯ್ಯುವಾಗ ಯಾರೂ ತಪ್ಪು ಹೊರಿಸದಂತೆ ಜೊತೆಗೆ ಬೇರೆಯವರನ್ನೂ ಕಳಿಸುತ್ತಾನೆ.

ಸಂಡೇ ಸ್ಕೂಲ್‌ಗೂ ಇದೇ ಎಚ್ಚರ ಬೇಕು. ಮುಚ್ಚಿದ ಕೋಣೆಯಲ್ಲಿ ಮಕ್ಕಳ ಜೊತೆ ಒಬ್ಬರೇ ದೊಡ್ಡವರು ಇರಬಾರದು. ಟೀಚರ್‌ಗಳು ಕಡಿಮೆಯಿದ್ದರೆ ಎರಡು ತರಗತಿಗಳನ್ನು ಒಂದುಮಾಡಿ, ಬಾಗಿಲು ತೆರೆದಿಡಿ. ದೂರು ಬಂದರೆ ಕಮಿಟಿಯಲ್ಲಿ ಪಂಚಾಯಿತಿ ಮಾಡುವ ಅಧಿಕಾರ ನಿಮಗಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ 21ನೇ ಕಲಮಿನಡಿ ಅಪರಾಧ. ಮಕ್ಕಳ ಸಹಾಯವಾಣಿ 1098ನ್ನು ಕೋಣೆಯ ಗೋಡೆ ಮೇಲೆ ಬರೆಸಿ.

ಇನ್ನು ನಿಮ್ಮ ನೋಟ್‌ಬುಕ್. ನೆನಪು ಹಸಿಯಿರುವಾಗಲೇ, ಅಂದರೆ ಮೂರು ದಿನದೊಳಗೆ, ನಾಲ್ವರೂ ಅಯ್ಯನವರ (ಪಾಸ್ಟರ್) ಜೊತೆ ಒಂದೂವರೆ ಗಂಟೆ ಕೂತುಕೊಳ್ಳಿ. ಒಬ್ಬೊಬ್ಬರೂ ಮೂರೇ ವಿಷಯ ಹೇಳಲಿ. ಪ್ರತಿಯೊಂದಕ್ಕೂ ಇದಕ್ಕೆ ಯಾರ ಒಪ್ಪಿಗೆ ಬೇಕು, ಎಷ್ಟು ಹಣ ಬೇಕು, ಇದಕ್ಕಾಗಿ ಏನನ್ನು ನಿಲ್ಲಿಸುತ್ತೇವೆ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಉತ್ತರವಿಲ್ಲದ ಯೋಜನೆ ಕೈಬಿಡಿ. ಯೌವನಸ್ಥರ ಕೂಟ, ಸ್ತ್ರೀಯರ ಕೂಟ, ಗಾನವೃಂದ ಎಲ್ಲವನ್ನೂ ಹೊತ್ತವರು ಅದೇ ಎಂಟು ಹತ್ತು ಮಂದಿ. ಮೇಲೊಂದು ಹೊಸ ಕಾರ್ಯಕ್ರಮ ಹೇರಿದರೆ ಮೂರನೇ ತಿಂಗಳಿಗೆ ಯಾರೂ ಬರುವುದಿಲ್ಲ. ಹನ್ನೆರಡರಲ್ಲಿ ಒಂದನ್ನು ಮಾತ್ರ ಆರಿಸಿ, ಆರು ವಾರ ಪ್ರಯೋಗ ಎಂದೇ ಹೇಳಿ ಮಾಡಿ.

ವೇದಿಕೆಯ ಮೇಲಿನ ಕೆಲವು ಮಾತು ನಮಗೆ ಹೊಂದುವುದೇ ಇಲ್ಲ. ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು, ಯಾರನ್ನು ಬಿಡಿಸಬೇಕು ಎಂಬ ಭಾಷಣ ಸಂಬಳದ ಸಿಬ್ಬಂದಿ ಇರುವ ಸಭೆಗೆ. ನಮ್ಮಲ್ಲಿ ಅಯ್ಯನವರನ್ನು ಕಳಿಸುವುದು ಡಯಾಸಿಸ್ (ಬಿಷಪರ ಆಡಳಿತ ಪ್ರಾಂತ್ಯ), ಕಮಿಟಿಯನ್ನು ಆರಿಸುವುದು ಸಭೆ, ಉಳಿದವರೆಲ್ಲ ಸಂಬಳವಿಲ್ಲದೆ ದುಡಿಯುವವರು. ಎಲ್‌ಇಡಿ ಪರದೆ, ಬಣ್ಣದ ದೀಪದ ಆಸೆಯೂ ಬೇಡ. ಮೊದಲು ಹಿಂದಿನ ಬೆಂಚಿಗೆ ಮೈಕ್ ಕೇಳಿಸುತ್ತದೆಯೇ ನೋಡಿ.

ಹೊರೆ ಹಂಚುವ ಪಾಠ ಮಾತ್ರ ಹೊಂದುತ್ತದೆ. ವಿಮೋಚನಕಾಂಡ 18ರಲ್ಲಿ ಇತ್ರೋ ಮೋಶೆಗೆ ಕೊಟ್ಟ ಸಲಹೆಯೂ ಅದೇ: ಹತ್ತು, ಐವತ್ತು, ನೂರು, ಸಾವಿರಕ್ಕೆ ಒಬ್ಬೊಬ್ಬ. ಬಡಾವಣೆವಾರು ಎಂಟು ಹತ್ತು ಮನೆಗೆ ಒಬ್ಬ ಮುಖ್ಯಸ್ಥ, ಒಬ್ಬ ಸಹಾಯಕ ಇರಲಿ. ಕಾಯಿಲೆಯವರ ಭೇಟಿ, ಮನೆ ಪ್ರಾರ್ಥನೆ ಅವರ ಪಾಲಿಗೆ. ಸಾವು, ಸಂಸಾರದ ಜಗಳ, ಹಣದ ಸಹಾಯ ಬಂದರೆ ಆ ದಿನವೇ ಅಯ್ಯನವರಿಗೆ ತಿಳಿಸಬೇಕು. ಈ ಗೆರೆ ಎಳೆಯದಿದ್ದರೆ ಗುಂಪಿನ ಮುಖ್ಯಸ್ಥ ಚುನಾವಣೆ ಹೊತ್ತಿಗೆ ಒಂದು ಬಣದ ಮುಖಂಡನಾಗಿರುತ್ತಾನೆ. ಮುಖ್ಯಸ್ಥನ ಅವಧಿ ಎರಡು ವರ್ಷ ಎಂದು ಮೊದಲೇ ಬರೆದಿಡಿ, ಆಮೇಲೆ ಸಹಾಯಕ ಆ ಜಾಗಕ್ಕೆ ಬರಲಿ.

ಸಮ್ಮೇಳನಕ್ಕೆ ಹೋಗದ ಹಿರಿಯರನ್ನು ಮರೆಯಬೇಡಿ. "ಅಲ್ಲಿ ಹೀಗೆ ಹೇಳಿದರು" ಎಂದು ಶುರು ಮಾಡಿದರೆ ಅವರು ಅಲ್ಲಿಗೇ ಕಿವಿ ಮುಚ್ಚುತ್ತಾರೆ. "ಎಣಿಕೆಗೆ ಇನ್ನೊಬ್ಬರು ಬೇಕಲ್ಲ, ಹಿರಿಯರೇ, ನೀವು ಯಾರನ್ನು ಹೇಳುತ್ತೀರಿ?" ಎಂದು ಕೇಳಿ ನೋಡಿ. ಒಪ್ಪಿದ್ದನ್ನು ಯಾರು, ಏನು, ಯಾವ ತಾರೀಖಿನೊಳಗೆ ಎಂದು ಮಿನಿಟ್ಸ್ ಪುಸ್ತಕದಲ್ಲಿ ಬರೆಸಿ. ಅಯ್ಯನವರಿಗೆ ವರ್ಗವಾದರೆ ಹೊಸಬರ ಕೈಗೆ ಸಿಗುವುದು ಆ ಪುಸ್ತಕ ಮಾತ್ರ. "ಪ್ರಯತ್ನಿಸಲಾಗುವುದು" ಎಂದು ಕಾರ್ಯದರ್ಶಿ ಬರೆದಿದ್ದರೆ ಹೊಡೆದುಹಾಕಿಸಿ, ತಾರೀಖು ಹಾಕಿಸಿ.