ರಾಯಚೂರಿನಲ್ಲಿ ಪ್ರತಿ ತಿಂಗಳು ಬಿಪಿ, ಶುಗರ್ ಮಾತ್ರೆ ಕೊಳ್ಳಬೇಕು. ಮೆಡಿಕಲ್ ಶಾಪ್‌ನ ಪಾಯಿಂಟ್ಸ್, ಕೂಪನ್‌ಗಳಿಂದ ನಿಜಕ್ಕೂ ಉಳಿತಾಯವಾಗುತ್ತದೆಯೇ?

ಆಗುತ್ತದೆ, ಆದರೆ ಲೆಕ್ಕ ಹಾಕಿ ನೋಡಿ. ಎಂಆರ್‌ಪಿ 1,000 ರೂಪಾಯಿ ಎಂದುಕೊಳ್ಳಿ. ನೇರ ಶೇ 15 ರಿಯಾಯಿತಿ ಕೊಟ್ಟರೆ 150 ಕೈಯಲ್ಲೇ ಉಳಿಯಿತು. ‘ಶೇ 10 ರಿಯಾಯಿತಿ, ಶೇ 5 ಪಾಯಿಂಟ್ಸ್’ ಎಂದರೆ 100 ಉಳಿದು, 900ರ ಮೇಲೆ 45 ರೂಪಾಯಿಯ ಪಾಯಿಂಟ್ಸ್ ಸಿಗುತ್ತದೆ. ಅದೂ ಮುಂದಿನ ಬಿಲ್‌ಗೆ. ಅವಧಿ ಮುಗಿದರೆ ಹೋಯಿತು. ಆನ್‌ಲೈನ್ ಕೂಪನ್‌ನಲ್ಲಿ ಕನಿಷ್ಠ ಮೊತ್ತ, ಡೆಲಿವರಿ ಶುಲ್ಕ ನೋಡಿ.

ದೊಡ್ಡ ಉಳಿತಾಯ ಇರುವುದು ಸರ್ಕಾರಿ ಯೋಜನೆಯ ಕಡಿಮೆ ಬೆಲೆಯ ಔಷಧ ಅಂಗಡಿಯಾದ ಜನೌಷಧಿಯಲ್ಲೇ. ‘ಜನೌಷಧಿ ಸುಗಮ್’ ಆ್ಯಪ್‌ನಲ್ಲಿ ಬ್ರ್ಯಾಂಡ್ ಹೆಸರಲ್ಲ, ಸ್ಟ್ರಿಪ್ ಹಿಂದಿನ ಸಣ್ಣಕ್ಷರದ ಔಷಧದ ಹೆಸರು ಹುಡುಕಿ. ಮಿಲಿಗ್ರಾಂ ಜೊತೆಗೆ ‘ಎಸ್‌ಆರ್’ (ಔಷಧ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ) ಇದೆಯೇ ಎಂಬುದೂ ಹೊಂದಬೇಕು. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ 500 ಬೇರೆ, 500 ಎಸ್‌ಆರ್ ಬೇರೆ. ಬದಲಿಸುವ ಮುಂಚೆ ವೈದ್ಯರಿಗೆ ತೋರಿಸಿ.

ಇನ್ಸುಲಿನ್ ಮಾತ್ರ ನಮ್ಮ ಬಿಸಿಲಲ್ಲಿ ಕೂಪನ್ ಆಸೆಗೆ ದೂರದಿಂದ ತರಿಸಬೇಡಿ. ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಅಂಗಡಿಯ ಫ್ರಿಜ್‌ನಿಂದಲೇ ಕೊಳ್ಳಿ.