ಗಲ್ಲಾದ ದುಡ್ಡು, ರಾತ್ರಿಯ ಭಯ

ಚಿಕ್ಕಪೇಟೆ ಅಂಗಡಿಯ ಗಲ್ಲಾದಿಂದ ದುಡ್ಡು ತೆಗೆದೆ, ದಿನಾ ಮೊಣಕಾಲೂರಿ ದೇವರಲ್ಲಿ ಕ್ಷಮೆ ಕೇಳಿದರೂ ನಿದ್ದೆ ಬರುತ್ತಿಲ್ಲ ಅಂತ ಬರೆದಿದ್ದೀರಿ. ನೀವು ಕ್ಷಮೆ ಕೇಳುತ್ತಿದ್ದೀರಿ, ಸಿಕ್ಕಿದೆ ಅಂತ ನಂಬುತ್ತಿಲ್ಲ. ನಿದ್ದೆ ಬಾರದಿರುವುದಕ್ಕೆ ಬಹುಶಃ ಇದೇ ಕಾರಣ. ನನಗೂ ಹೀಗೇ ಆಗಿತ್ತು.

ಇವತ್ತು ಬೈಬಲಿನ 1 ಯೋಹಾನ 1:9 (ಪಾಪ ಅರಿಕೆ ಮಾಡಿದರೆ ದೇವರು ಕ್ಷಮಿಸುತ್ತಾನೆ ಅನ್ನುವ ವಚನ) ಗಟ್ಟಿಯಾಗಿ ಓದಿ, ಮಾಡಿದ್ದನ್ನು ಹೆಸರಿಟ್ಟು ಒಮ್ಮೆ ಅರಿಕೆ ಮಾಡಿ. ನಾಳೆ ಅದನ್ನೇ ಮತ್ತೆ ಕೇಳಬೇಡಿ. ಭಯ ಬಂದರೆ ರೋಮಾಪುರದವರಿಗೆ 8:1 (ಕ್ರಿಸ್ತನಲ್ಲಿರುವವರಿಗೆ ಶಿಕ್ಷೆಯ ತೀರ್ಪಿಲ್ಲ ಅನ್ನುವ ವಚನ) ಓದಿ 'ಸ್ತೋತ್ರ' ಅನ್ನಿ, ಸಾಕು.

ಆಮೇಲೆ ದುಡ್ಡು ವಾಪಸ್ ಕೊಡಿ. ಇದು ಕ್ಷಮೆಗೆ ಕಟ್ಟುವ ಶುಲ್ಕವಲ್ಲ. ಬೈಬಲಿನ ಸುಂಕ ವಸೂಲಿಗಾರ ಜಕ್ಕಾಯ, ಮೋಸದಿಂದ ತಗೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದದ್ದು ಯೇಸು ತಾನಾಗಿ ಅವನ ಮನೆಗೆ ಬಂದ ಮೇಲೆ. ನಾನು ತೆಗೆದಿದ್ದ ದುಡ್ಡನ್ನು ಕವರಿನಲ್ಲಿ ಹಾಕಿ ಕೊಟ್ಟಾಗ ಯಜಮಾನರು ಎಣಿಸಲೂ ಇಲ್ಲ, "ಟೀ ಕುಡೀತೀಯಾ?" ಅಂದರು. ನಿಮ್ಮವರೂ ಹಾಗೇ ಇರ್ತಾರೆ ಅನ್ನಲಾರೆ. ಅಳುಕಿದ್ದರೆ ನಿಮ್ಮ ಸಭಾಪಾಲಕರನ್ನು ಜೊತೆಗೆ ಕರೆದುಕೊಂಡು ಹೋಗಿ.

ಕೊಟ್ಟ ಮೇಲೂ ಎದೆ ಡವಡವ ನಿಲ್ಲದೆ, ಅದೇ ಯೋಚನೆ ಸುತ್ತುತ್ತಲೇ ಇದ್ದರೆ ಅದು ಆತಂಕದ ಕಾಯಿಲೆಯೂ ಇರಬಹುದು. ಬೆಂಗಳೂರಿನ ಮಾನಸಿಕ ಆರೋಗ್ಯ ಆಸ್ಪತ್ರೆ ನಿಮ್ಹಾನ್ಸ್‌ನಲ್ಲಿ ತೋರಿಸಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ ಹತ್ತಿರ ಹೋದರೆ ವಿಶ್ವಾಸ ಕಮ್ಮಿ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.